ಬಳೆಗೆ ಸುತ್ತಿದ ಬಟ್ಟೆ

ಕಳೆದ ಮಂಗಳವಾರ ಮದಕರಿಪುರದ ಹತ್ತಿರ ನಮ್ಮ ಬಸ್ಸು ಹನ್ನೊಂದು ನಿಮಿಷ ನಿಂತಿತು. ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು. ಆಗಷ್ಟೇ ಮಳೆ ಬಿದ್ದು ನಿಂತಿದ್ದರಿಂದ ನೆನೆದ ಉಣ್ಣೆಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದ ಸೀಟಿನ ಹುಡುಗಿ ವೇಲಿನಿಂದ ಮೂಗು ಮುಚ್ಚಿಕೊಂಡಳು. ನಾನು ಕತ್ತು ಚಾಚಿ ಕುರಿಗಳ ಕಿವಿ ನೋಡುತ್ತಿದ್ದೆ. ಎಲ್ಲವಕ್ಕೂ ಎಡಗಿವಿಯ ಅಂಚಿನಲ್ಲಿ ಒಂದೇ ಥರದ ಕಚ್ಚು ಇತ್ತು. ಎರಡಕ್ಕೆ ಮಾತ್ರ ಇರಲಿಲ್ಲ. ಅವೆರಡು ಯಾರವು, ಈ ಮಂದೆಗೆ ಹೇಗೆ ಬಂದವು ಎಂದು ಚಿತ್ರದುರ್ಗ ತಲುಪುವವರೆಗೂ ಯೋಚಿಸಿದೆ. ಈ ಅನುಮಾನದ ಬುದ್ಧಿ ನನಗೆ ಒಂದು ಮಳೆಗಾಲದಲ್ಲಿ ಅಂಟಿಕೊಂಡದ್ದು. ಅದರ ದಿನಚರಿ ಇನ್ನೂ ನನ್ನ ಹತ್ತಿರ ಇದೆ.

ಆಗ ನಾನು ಹೊಸದುರ್ಗದ ಬಸ್ ನಿಲ್ದಾಣದ ಎದುರಿನ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪು ಮಾಡುತ್ತಿದ್ದೆ. ಶ್ರೀರಾಂಪುರದ ಹತ್ತಿರದ ನಮ್ಮೂರಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಒಂಬತ್ತನೇ ಕ್ಲಾಸಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಅದರಲ್ಲಿ ಮನಸ್ಸಿನ ಮಾತು ಕಡಿಮೆ, ಎಣಿಕೆಯೇ ಹೆಚ್ಚು. ಬಸ್ಸು ಎಷ್ಟು ನಿಮಿಷ ತಡ, ಕರೆಂಟು ಎಷ್ಟು ಸಲ ಹೋಯಿತು, ಎಷ್ಟು ಪುಟ ಟೈಪು, ತಿದ್ದುವಾಗ ಸಿಕ್ಕ ತಪ್ಪುಗಳೆಷ್ಟು, ಅಂಗಡಿಗೆ ಯಾರು ಬಂದರು, ಏನಂದರು. ಮಧ್ಯಾಹ್ನ ಊಟದ ನಂತರ ಹತ್ತು ನಿಮಿಷ ಕೂತು ಬರೆದು ಮೇಜಿನ ಖಾನೆಯಲ್ಲಿ ಇಡುತ್ತಿದ್ದೆ.

ಜೂನ್ ಹತ್ತು, ಸೋಮವಾರ. ಬಸ್ಸು ಆರು ನಿಮಿಷ ತಡ. ಮೈಲಾರಪ್ಪನವರು ಮೊದಲ ಸಲ ಅಂಗಡಿಗೆ ಬಂದರು.

ಅವರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ನಿವೃತ್ತರಾದವರು. ಹಿರಿಯೂರು, ಹೊಳಲ್ಕೆರೆ, ಕೊನೆಗೆ ಹೊಸದುರ್ಗ, ಮೂರೂ ತಾಲ್ಲೂಕಿನ ಕುರಿಹಟ್ಟಿಗಳಿಗೆ ಐಸ್ ಪೆಟ್ಟಿಗೆ ಹೊತ್ತು ಲಸಿಕೆ ಹಾಕಿದವರು. ಜನ ಅವರನ್ನು ಇಂಜೆಕ್ಷನ್ ಮೈಲಾರಪ್ಪ ಎನ್ನುತ್ತಿದ್ದರು. ಅವರು ಕಥೆ ಬರೆಯುವುದು ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಚಿತ್ರದುರ್ಗದಲ್ಲಿ ಒಬ್ಬ ಮುದ್ರಕರು ಪುಸ್ತಕ ಮಾಡಲು ಒಪ್ಪಿದ್ದರು. ಹನ್ನೆರಡು ಕಥೆ, ಒಂದೊಂದೇ ತಂದುಕೊಡುವುದು, ನಾನು ಟೈಪು ಮಾಡುವುದು.

ಹಳೆಯ ಲಸಿಕೆ ರಿಜಿಸ್ಟರುಗಳ ಹಿಂಬದಿಯ ಖಾಲಿ ಪುಟಗಳಲ್ಲಿ ಬರೆದು ತರುತ್ತಿದ್ದರು. ಅಕ್ಷರ ಬಲಕ್ಕೆ ವಾಲಿಕೊಂಡು ಬಿದ್ದುಹೋಗುವಂತಿತ್ತು. ಕಾರಣ ಕೇಳಿದೆ.

"ನಿಂತ್ಕಂಡೇ ಬರೆಯೋದು ಕಣವ್ವ. ಕುರಿರೊಪ್ಪದ ಗೋಡೆ ಮ್ಯಾಲೆ ರಿಜಿಸ್ಟರ್ ಇಟ್ಕಂಡು ಬರ್ದೂ ಬರ್ದೂ, ಕುಂತ್ರೆ ಕೈಯೇ ಓಡಲ್ಲ. ಈಗ ಮನೇಲಿ ಕಿಟಕಿ ಕಟ್ಟೆ ಐತೆ. ಬೆಳಿಗ್ಗೆ ಕಾಲು ನೋಯೋವರ್ಗೂ ಬರೀತೀನಿ. ಕಾಲು ನೋಯ್ತು ಅಂದ್ರೆ ಅವತ್ತಿಂದು ಮುಗೀತು."

"ಯಾರನ್ನ ಓದಿ ಕಲಿತ್ರಿ ಸರ್?"

"ಓದಿದ್ದು ಆಮ್ಯಾಲೆ. ಕಲ್ತಿದ್ದು ನಮ್ಮಜ್ಜಿ ಹತ್ರ. ಕಂಬಳಿಗೆ ನೂಲು ತೆಗೀತಾ ಕಥೆ ಹೇಳ್ತಿದ್ಲು. ನೂಲು ಹರಿದ್ರೆ ಕಥೇನೂ ನಿಲ್ತಿತ್ತು. ಎಳೆ ಕೂಡಿಸ್ಕಂಡು ಮತ್ತೆ ಶುರು. ಸುಮ್ನೆ ಕುಂತಾಗ ಕೇಳಿದ್ರೆ, ಹೋಗೋ ಅತ್ಲಾಗೆ, ನಂಗ್ಯಾವ ಕಥೆ ಬರ್ತತೆ ಅನ್ನೋಳು."

ಇದನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಇದರಲ್ಲೇ ಎಲ್ಲ ಇತ್ತು ಎಂದು ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ಅಕ್ಷರ ಅರ್ಥವಾಗದ ಕಡೆ ಹೇಳಲೆಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದರು. ಎರಡೂ ಕೈ ಮಂಡಿಯ ಮೇಲೆ. ಪೆನ್ನು ಜೇಬಿನಿಂದ ಹೊರಗೆ ತೆಗೆದವರಲ್ಲ. ನಡುನಡುವೆ ಒಂದು ಮಾತು: ನಿಮ್ಮಪ್ಪ ಕುರಿ ಇಟ್ಟಾರಾ ಈಗ್ಲೂವೆ? ಎಷ್ಟು ಅವೆ? ನಿಮ್ಮವ್ವನ ಜ್ವರ ಬಿಡ್ತಾ? ನಾನು ಪರದೆ ನೋಡುತ್ತಲೇ ಹೂಂ, ಉಹೂಂ ಎನ್ನುತ್ತಿದ್ದೆ. ಹಾಗೆಂದೇ ನಾನು ತಿಳಿದಿದ್ದೆ.

ಜುಲೈ ಮೊದಲ ವಾರ ಮೂರನೇ ಕಥೆ ಬಂತು. ಅದರಲ್ಲೊಬ್ಬ ಮನುಷ್ಯ ಬಸ್ ಟಿಕೆಟ್ಟನ್ನು ಮಡಚಿ ಕಿವಿಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಾನೆ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಅದನ್ನು ತೆಗೆದು ಒಲೆಗೆ ಹಾಕುತ್ತಾಳೆ. ನನ್ನ ಬೆರಳು ನಿಂತಿತು. ಅದು ನಮ್ಮಪ್ಪ. ಇರಲಿ, ಹಾಗೆ ಮಾಡುವವರು ಎಷ್ಟೋ ಜನ ಇರಬಹುದು ಎಂದುಕೊಂಡೆ. ಐದನೇ ಕಥೆಯಲ್ಲಿ ಒಬ್ಬಳು ಹುಡುಗಿ ಶ್ರೀರಾಂಪುರದಿಂದ ಹೊಸದುರ್ಗದವರೆಗೆ ಲೈಟು ಕಂಬ ಎಣಿಸುತ್ತಾಳೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪಿತೆಂದು ಅಳುತ್ತಾಳೆ. ಅದು ನಾನು. ದಿನಚರಿಯ ಕೊನೆಯ ಪುಟದಲ್ಲಿ ಒಂದು ಪಟ್ಟಿ ಶುರುಮಾಡಿದೆ: ನಮ್ಮ ಮನೆಯಿಂದ ಹೋದದ್ದು, ಒಂದು, ಎರಡು.

ಆಗಸ್ಟ್ ಐದರಂದು ಒಂಬತ್ತನೇ ಕಥೆ ತಂದರು. ಮೊದಲ ಪುಟ ಮುಗಿಯುವಷ್ಟರಲ್ಲಿ ಟೈಪು ಬಿಟ್ಟು, ಉಳಿದದ್ದನ್ನು ಒಂದೇ ಸಲಕ್ಕೆ ಓದಿದೆ.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಪ್ರತಿ ಮನೆಯ ಕುರಿಗೂ ಒಂದು ಕಿವಿ ಗುರುತು. ನಮ್ಮದು ಬಲಗಿವಿಯ ತುದಿ ಅಡ್ಡಕ್ಕೆ ಕತ್ತರಿಸಿದ್ದು. ಪಕ್ಕದ ಮನೆ ಗಂಗಕ್ಕನವರದು ಅದೇ ಬಲಗಿವಿಯ ತುದಿಯಲ್ಲಿ ಒಂದು ಸೀಳು. ನಾನು ಹುಟ್ಟುವ ಮೊದಲು, ಒಂದು ಮಳೆಗಾಲದ ಸಂಜೆ, ಗಂಗಕ್ಕನವರ ಒಂದು ಕಪ್ಪು ಹೆಣ್ಣುಕುರಿ ನಮ್ಮ ಮಂದೆಯೊಳಗೆ ಸೇರಿ ಬಂದಿತ್ತು. ಅವ್ವ ಅದರ ಕಿವಿಯ ತುದಿಯನ್ನು ಕತ್ತರಿಸಿಬಿಟ್ಟಳು. ಸೀಳೂ ಹೋಯಿತು, ನಮ್ಮ ಗುರುತೂ ಆಯಿತು. ಗಾಯ ಮಾಯುವವರೆಗೆ ಆ ಕುರಿ ದೂರದ ಮೇವಿನ ಕಡೆ ಅಪ್ಪನ ಜೊತೆ ಇತ್ತು. ಇತ್ತ ಗಂಗಕ್ಕನ ಅತ್ತೆ, ನಾಲ್ಕು ಕುರಿ ನೋಡಿಕೊಳ್ಳಲಾರದ ಸೊಸೆ ಎಂದು ಅವರನ್ನು ತವರಿಗೆ ಅಟ್ಟಿದರು. ಗಂಗಕ್ಕ ಒಂದು ಮಳೆಗಾಲ ಪೂರ್ತಿ ಹೊಳಲ್ಕೆರೆ ಕಡೆ ತವರಿನಲ್ಲಿದ್ದರು. ಅವ್ವ ಬಾಯಿ ಬಿಡಲಿಲ್ಲ. ಗಂಗಕ್ಕ ವಾಪಸು ಬಂದ ಮೇಲೆ ಅವ್ವನಿಗೆ ಅವರೇ ಜೀವದ ಗೆಳತಿಯಾದರು. ನಮ್ಮಿಬ್ಬರ ಮನೆ ನಡುವಿನ ಗೋಡೆ ಎದೆಮಟ್ಟ. ಸಾರಿನ ಬಟ್ಟಲು ದಿನಾ ಅದರ ಮೇಲೆ ಓಡಾಡುತ್ತಿತ್ತು.

ಇದೆಲ್ಲ ಆ ವರ್ಷದ ಬೇಸಿಗೆಯಲ್ಲಿ ಅವ್ವನಿಗೆ ಡೆಂಗ್ಯೂ ಆಗಿ ಆಸ್ಪತ್ರೆಯಲ್ಲಿದ್ದಾಗ ನನಗೊಬ್ಬಳಿಗೇ ಹೇಳಿದ್ದು. "ಗಂಗಿಗೆ ಗೊತ್ತಾದ್ರೆ ನಾನು ಬದುಕಿದ್ದೂ ಸತ್ತಂಗೆ," ಅಂದಿದ್ದಳು. ಅವತ್ತಿನ ದಿನಚರಿಯಲ್ಲಿ ನಾಲ್ಕು ಸಾಲು ಬರೆದಿದ್ದೆ.

ಮೈಲಾರಪ್ಪನವರ ಒಂಬತ್ತನೇ ಕಥೆಯಲ್ಲಿ ಊರು ಹಾಲುರಾಮೇಶ್ವರದ ಆಚೆ ಎಲ್ಲೋ ಇತ್ತು, ಹೆಸರುಗಳು ಬೇರೆ. ಆದರೆ ಒಬ್ಬಳು ಹೆಂಗಸು, ಒಂದು ಕಪ್ಪು ಕುರಿ, ಸೀಳಿದ ಕಿವಿಯ ತುದಿ, ಬ್ಲೇಡು. ಪುಸ್ತಕ ಹೊರಬಂದರೆ ನಮ್ಮೂರಿನ ಯಾರಾದರೊಬ್ಬರು ಓದುತ್ತಾರೆ, ಗಂಗಕ್ಕನಿಗೆ ಹೇಳುತ್ತಾರೆ. ಕಿವಿ ಗುರುತು ಗೊತ್ತಿದ್ದವರಿಗೆ ಮನೆ ಗೊತ್ತಾಗಲು ಎಷ್ಟು ಹೊತ್ತು?

ನನ್ನ ಅನುಮಾನ ನೇರವಾಗಿ ಮೇಜಿನ ಖಾನೆಯ ಮೇಲೆ ಹೋಯಿತು. ನಾನು ಕೈ ತೊಳೆಯಲು ಹೋದಾಗ, ಚಹಾ ಹೇಳಲು ಹೋದಾಗ, ಅವರೊಬ್ಬರೇ ಅಲ್ಲಿರುತ್ತಿದ್ದರು. ಆಗಸ್ಟ್ ಆರರಿಂದ ದಿನಚರಿಯ ನಡುವೆ ಒಂದು ಕೆಂಪು ದಾರದೆಳೆ ಇಟ್ಟೆ. ಮರುದಿನ ಒಂದು ಸುಳ್ಳನ್ನೂ ಬರೆದೆ: ಆ ಕುರಿಯ ಎಡಗಣ್ಣಿನ ಸುತ್ತ ಬಿಳಿ ಮಚ್ಚೆ ಇತ್ತೆಂದು ಅವ್ವ ಹೇಳಿದಳು. ಖಾನೆಗೆ ಬೀಗ ಹಾಕಲಿಲ್ಲ. ಬೇಕೆಂದೇ ಎರಡು ಸಲ ಹೊರಗೆ ಹೋಗಿ ಎದುರಿನ ಜೆರಾಕ್ಸ್ ಅಂಗಡಿಯ ಗಾಜಿನಲ್ಲಿ ನಮ್ಮ ಅಂಗಡಿ ನೋಡುತ್ತ ನಿಂತೆ. ಅವರು ಮಂಡಿಯ ಮೇಲೆ ಕೈಯಿಟ್ಟುಕೊಂಡು ಫ್ಯಾನು ನೋಡುತ್ತಿದ್ದರು. ಅದೂ ನಟನೆ ಎಂದುಕೊಂಡೆ. ನನ್ನನ್ನು ನಗುತ್ತ ಮಾತಾಡಿಸಿದರೆ ಯಾಕೆ ನಗುತ್ತಾರೆ ಅನಿಸುತ್ತಿತ್ತು. ಸುಮ್ಮನಿದ್ದರೆ ಏನು ಗೊತ್ತಾಗಿದೆಯೋ ಅನಿಸುತ್ತಿತ್ತು. ಆ ಎಂಟು ದಿನಗಳ ಟೈಪಿನಲ್ಲಿ ತಪ್ಪುಗಳು ದಿನಕ್ಕೆ ಹದಿನೈದಕ್ಕಿಂತ ಕಡಿಮೆಯಾಗಲಿಲ್ಲ.

ಆಗಸ್ಟ್ ಹದಿನಾಲ್ಕರಂದು ಆ ಕಥೆಯನ್ನು ತಿದ್ದಿ ಹೊಸ ಪುಟಗಳನ್ನು ತಂದರು. ಬಿಳಿ ಮಚ್ಚೆ ಹುಡುಕಿದೆ. ಇರಲಿಲ್ಲ. ದಾರದೆಳೆಯೂ ಇಟ್ಟಲ್ಲೇ ಇತ್ತು. ಆದರೆ ಮೂರನೇ ಪುಟದ ಕೊನೆಯಲ್ಲಿ ಹೊಸದೊಂದು ಸಾಲು: ಕಿವಿ ಕತ್ತರಿಸುವ ಮೊದಲು ಆ ಹೆಂಗಸು ಬಳೆಗಳು ಸದ್ದು ಮಾಡಬಾರದೆಂದು ಅವನ್ನು ಮೇಲಕ್ಕೇರಿಸಿ ಬಟ್ಟೆ ಸುತ್ತಿಕೊಳ್ಳುತ್ತಾಳೆ.

ಇದನ್ನು ಅವ್ವ ಹೇಳಿದ್ದು ನಿಜ. ಆದರೆ ದಿನಚರಿಯಲ್ಲಿ ನಾನು ಬರೆದಿರಲಿಲ್ಲ. ಬರೆಯಲು ಮನಸ್ಸಾಗಿರಲಿಲ್ಲ.

"ಸರ್, ಈ ಬಳೆ ವಿಷಯ ನಿಮಗೆ ಹೇಳಿದ್ದು ಯಾರು?"

ಅವರು ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇನೋ ಎಂಬಂತೆ.

"ನೀನೇ ಅಲ್ವೇನವ್ವ ರೂಪಾ?"

"ನಾನು ಹೇಳಿಲ್ಲ. ಸುಳ್ಳು ಹೇಳಬೇಡಿ. ನನ್ನ ಡೈರಿ ತೆಗೆದು ಓದಿದೀರಿ ನೀವು."

"ನಿಂದೊಂದು ಡೈರಿ ಐತಾ? ಒಳ್ಳೇದಾತು. ತೆಗಿ, ಇದರ ಜೊತೆ ಇಟ್ಟು ನೋಡಾಣ," ಎಂದು ಅಂಗಿಯ ಒಳಜೇಬಿನಿಂದ ಒಂದು ಚಿಕ್ಕ ನೋಟುಬುಕ್ಕು ತೆಗೆದರು.

ಅದರಲ್ಲಿ ಪ್ರತಿ ಸಾಲಿಗೂ ತಾರೀಕು, ಹೆಸರು, ಹೇಳುವಾಗ ಕೈಯಲ್ಲಿ ಏನಿತ್ತು, ಏನು ಸಿಕ್ಕಿತು ಎಂದು ನಾಲ್ಕು ಕಲಂ. ಸಿದ್ದಮ್ಮ, ಕುರಿಮರಿ. ಓಬಣ್ಣ, ಹಗ್ಗ ಹೊಸೆಯೋದು. ಮುಂದೆ: ಜೂನ್ 27, ರೂಪ, ಟೈಪು, ಅಪ್ಪನ ಟಿಕೆಟ್ಟು. ಜುಲೈ 4, ರೂಪ, ಟೈಪು, ಕಂಬ ಎಣಿಸೋದು. ಜುಲೈ 11, ರೂಪ, ಟೈಪು, ಕುರಿ ಕಿವಿ, ಬಳೆಗೆ ಬಟ್ಟೆ.

"ಕುರಿ ಹಿಡ್ಕಂಡು ನಿಂತೋರು ಸುಳ್ಳು ಹೇಳಲ್ಲ ಕಣವ್ವ. ಕೈಗೆ ಕೆಲ್ಸ ಇತ್ತು ಅಂದ್ರೆ ಬಾಯಿ ಮ್ಯಾಲೆ ಕಾವಲಿರಲ್ಲ. ಸೂಜಿ ಚುಚ್ಚೋವಾಗ ನಂಗೆ ಎಂಥೆಂಥಾ ಮಾತು ಸಿಕ್ಕಾವು ಗೊತ್ತಾ? ಇಲ್ಲಿ ಕೇಳಿದ್ದನ್ನ ಮನೆಗೆ ಹೋಗಿ ಬರ್ಕಂತಿದ್ದೆ. ನಿನ್ನ ಮುಂದೆ ಪೆನ್ನು ತೆಗೆದ್ರೆ ನಿನ್ನ ಕೈ ನಿಲ್ತಿತ್ತು."

ನಾನು ನನ್ನ ದಿನಚರಿ ತೆರೆದೆ. ಜೂನ್ ಇಪ್ಪತ್ತೇಳು: ಹನ್ನೆರಡು ಪುಟ, ತಪ್ಪು ಸೊನ್ನೆ. ಜುಲೈ ನಾಲ್ಕು: ಹನ್ನೊಂದು ಪುಟ, ತಪ್ಪು ಸೊನ್ನೆ. ಜುಲೈ ಹನ್ನೊಂದು: ಹದಿನಾಲ್ಕು ಪುಟ, ತಪ್ಪು ಸೊನ್ನೆ, ಅದರ ಕೆಳಗೆ ಎರಡು ಗೆರೆ ಎಳೆದು ಇಷ್ಟು ದಿನದಲ್ಲಿ ಇದೇ ಅತಿ ಹೆಚ್ಚು ಎಂದು ಹೆಮ್ಮೆಯಿಂದ ಬರೆದಿದ್ದೆ. ಉಳಿದ ಯಾವ ದಿನವೂ ಆರು ತಪ್ಪಿಗಿಂತ ಕಡಿಮೆ ಇರಲಿಲ್ಲ. ಮೈಲಾರಪ್ಪನವರು ಏನಂದರು ಎಂಬುದು ಪ್ರತಿದಿನ ಇತ್ತು. ನಾನು ಏನಂದೆ ಎಂಬುದು ಒಂದು ದಿನವೂ ಇರಲಿಲ್ಲ. ಎಲ್ಲರನ್ನೂ ಎಣಿಸಿದ್ದೆ, ನನ್ನ ಬಾಯಿಯೊಂದನ್ನು ಬಿಟ್ಟು.

"ಹರಿದು ಹಾಕಿ ಸರ್. ಕೈ ಮುಗೀತೀನಿ."

"ಹರಿಯೋಕೆ ಅದು ನಂದೂ ಅಲ್ಲ, ನಿಂದೂ ಅಲ್ಲ. ನಿಮ್ಮವ್ವಂದು. ನಾನು ಹೆಸರು ಬದಲಾಯಿಸ್ತೀನಿ, ಊರು ಬದಲಾಯಿಸ್ತೀನಿ, ಕೈ ಮಾಡಿದ ಕೆಲ್ಸಾನ ಮಾತ್ರ ಬದಲಾಯಿಸಲ್ಲ. ಅದಕ್ಕೇ ಪುಸ್ತಕಕ್ಕೆ ಹಾಕೋ ಮೊದ್ಲು ಮಾಲೀಕರ ಮುಂದೆ ಓದ್ತೀನಿ. ಬ್ಯಾಡ ಅಂದ್ರೆ ಅಲ್ಲಿಗೆ ಮುಗೀತು. ಅಂಥವು ಒಂದು ಟ್ರಂಕು ಅವೆ ಮನೇಲಿ."

ಆ ಟ್ರಂಕು ಇರುವುದೂ ನಿಜವೋ ಸುಳ್ಳೋ ಎಂದು ಅನುಮಾನಿಸಿದೆ. ಅವರು ಹೋದ ಕೂಡಲೇ ಕಂಪ್ಯೂಟರಿನಿಂದ ಒಂಬತ್ತನೇ ಕಥೆಯನ್ನು ಅಳಿಸಿಹಾಕಿದೆ. ಕೈಬರಹ ಅವರ ಹತ್ತಿರ ಇರುವಾಗ ಅದರಿಂದ ಏನೂ ಆಗದೆಂದು ಗೊತ್ತಿತ್ತು. ಆದರೂ ಅಳಿಸಿದೆ.

ಅವ್ವನಿಗೆ ನಾನೇ ಮೊದಲು ಹೇಳಿಬಿಡಬೇಕು ಎಂದು ಅವತ್ತೇ ತೀರ್ಮಾನಿಸಿದೆ. ದಿನಚರಿಯಲ್ಲಿ 'ಇವತ್ತು ಹೇಳಬೇಕು' ಎಂಬ ಸಾಲು ಇಪ್ಪತ್ತೈದು ಸಲ ಇದೆ.

ಸೆಪ್ಟೆಂಬರ್ ಎಂಟು, ಭಾನುವಾರ. ಬೆಳಿಗ್ಗೆ ಹತ್ತೂವರೆಗೆ ಮೈಲಾರಪ್ಪನವರು ನಮ್ಮ ಮನೆ ಮುಂದೆ ನಿಂತಿದ್ದರು. ಅವ್ವ ಮತ್ತು ಗಂಗಕ್ಕ ಜಗಲಿಯ ಮೇಲೆ ಹೆಸರುಕಾಯಿ ಬಿಡಿಸುತ್ತಿದ್ದರು.

"ಅಯ್ಯೋ, ಇಂಜೆಕ್ಷನ್ನಪ್ಪಾರು! ಬರ್ರಿ, ಕುಂತ್ಕಳ್ರಿ. ಈಗ ಯಾರಿಗ್ರೀ ಸೂಜಿ?" ಎಂದರು ಗಂಗಕ್ಕ.

"ಸೂಜಿ ಕೆಳಗಿಟ್ಟು ಆರು ವರ್ಷಾತವ್ವ. ಒಂದು ಕಥೆ ಬರ್ದೀನಿ. ಓದಿ ಹೇಳಾಣ ಅಂತ ಬಂದೆ."

ನಾನು ಅವರ ಹತ್ತಿರ ಹೋಗಿ, ಆ ಕುರಿ ಈ ಗಂಗಕ್ಕನದೇ, ಇವತ್ತು ಬೇಡ ಎಂದು ಪಿಸುಗುಟ್ಟಿದೆ. ಅವರ ಮುಖ ಸಣ್ಣಗಾಯಿತು. ಅದು ಅವರಿಗೆ ಗೊತ್ತಿರಲಿಲ್ಲ. ಜುಲೈ ಹನ್ನೊಂದರಂದು ನಾನು ಅಷ್ಟೊಂದು ಹೇಳಿಯೂ ಗಂಗಕ್ಕನ ಹೆಸರು ಹೇಳಿರಲಿಲ್ಲ. ಇನ್ನೊಂದಿನ ಬರ್ತೀನಿ ಎಂದು ಹಿಂದಕ್ಕೆ ತಿರುಗಿದರು.

"ಅಷ್ಟು ದೂರದಿಂದ ಬಂದು ಹಂಗೇ ಹೋಗ್ತಾರೇನ್ರಿ? ಓದ್ರಿ," ಎಂದಳು ಅವ್ವ.

"ಗಂಗಕ್ಕ, ನಿಮ್ಮನೇಲಿ ಹಾಲು ಉಕ್ತಿರೋ ಹಂಗೈತೆ," ಎಂದೆ ನಾನು.

"ಲೇ, ನಮ್ಮನೇಲಿ ಹಾಲು ಕಾಯ್ಸಿದ್ದು ಬೆಳಿಗ್ಗೆ ಏಳಕ್ಕೆ. ನಂಗೆ ಕಥೆ ಕೇಳ್ಸಕೆ ಇಷ್ಟ ಇಲ್ವೇನೇ ನಿಂಗೆ?"

ಓದಲೇಬೇಕಾಯಿತು. ಮೈಲಾರಪ್ಪನವರು ನಿಂತುಕೊಂಡೇ, ಕಂಬಕ್ಕೆ ಒರಗಿ ಓದಿದರು. ಹೆಸರುಕಾಯಿ ಪಟಪಟ ಒಡೆಯುತ್ತಿದ್ದ ಸದ್ದು ಕಥೆಯ ಕುರಿ ಬೇರೆ ಮಂದೆಗೆ ಸೇರಿದ ಕಡೆ ನಿಧಾನವಾಯಿತು. ಬಳೆಗೆ ಬಟ್ಟೆ ಸುತ್ತಿದಲ್ಲಿ ಅವ್ವನ ಕೈ ಪೂರ್ತಿ ನಿಂತಿತು. ಅವರು ಓದುವುದನ್ನು ನಿಲ್ಲಿಸಿದರು.

"ಯಾಕೆ ನಿಲ್ಸಿದ್ರಿ? ಓದ್ರಿ," ಎಂದಳು ಅವ್ವ. ಅವರ ಕಡೆ ನೋಡಲಿಲ್ಲ. ನನ್ನನ್ನು ನೋಡುತ್ತಿದ್ದಳು. ಆ ನೋಟವನ್ನು ನಾನು ಯಾವ ಪುಟದಲ್ಲೂ ಬರೆದಿಲ್ಲ.

ಕಥೆ ಮುಗಿಯಿತು. ಗಂಗಕ್ಕನ ಕೈ ಮಾತ್ರ ಆಡುತ್ತಲೇ ಇತ್ತು.

"ಕಳ್ಕಂಡೋಳು ಏನಾದ್ಲು? ಅದನ್ನ ಬರ್ದೇ ಇಲ್ವಲ್ಲ."

"ಅದು ನಂಗೆ ಗೊತ್ತಿಲ್ಲವ್ವ," ಎಂದರು ಮೈಲಾರಪ್ಪನವರು.

"ನಂಗೆ ಗೊತ್ತೈತೆ," ಎಂದಳು ಅವ್ವ. "ತವರಿಗೆ ಕಳಿಸಿದ್ರು. ಒಂದು ಮಳೆಗಾಲ ಪೂರ್ತಿ." ಆಮೇಲೆ, "ಗಂಗೀ, ಆ ಕುರಿ ನಿಂದು," ಎಂದಳು.

ಗಂಗಕ್ಕ ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಕಾಳು ಮೊರಕ್ಕೆ ಹಾಕಿ, ಸಿಪ್ಪೆ ಆಚೆ ಎಸೆದರು.

"ಗೊತ್ತು. ಕಿವಿ ಕತ್ತರಿಸಿದ್ರೆ ಕುರಿ ಮುಖ ಬದಲಾಗ್ತತಾ? ತವರಿಂದ ಬಂದ ದಿನಾನೇ ನಿಮ್ಮ ಮಂದೇಲಿ ನೋಡ್ದೆ. ನಾನು ಸಾಕಿದ್ದು, ಅದೂ ನನ್ನ ಕಡೆ ನೋಡ್ತು."

"ಮತ್ತೆ ಯಾಕೆ ಕೇಳ್ಲಿಲ್ಲ?" ಎಂದಳು ಅವ್ವ.

"ನೀನು ಹೇಳ್ತೀಯ ಅಂತ ಕಾದೆ." ಎದ್ದು ಸೀರೆಯ ನೆರಿಗೆ ಒದರಿದರು. "ಇಷ್ಟು ವರ್ಷ ಕಾದಿದ್ದಕ್ಕೆ, ಯಾರೋ ಬಂದು ಓದಿ ಹೇಳ್ಬೇಕಾತು."

ಗೋಡೆ ಸುತ್ತಿ ತಮ್ಮ ಮನೆಗೆ ಹೋದರು. ಮೈಲಾರಪ್ಪನವರು ರಿಜಿಸ್ಟರಿನ ಹಾಳೆಗಳನ್ನು ಮಡಚಿ ಅವ್ವನ ಮುಂದಿಟ್ಟು, ಇದು ನಿಮ್ಮದು ತಾಯಿ ಎಂದು, ನೀರೂ ಕುಡಿಯದೆ ಹೊರಟರು. ಪುಸ್ತಕ ಹನ್ನೊಂದೇ ಕಥೆಗಳಲ್ಲಿ ಅಚ್ಚಾಯಿತು. ಟ್ರಂಕಿನ ಬಗ್ಗೆ ಆಮೇಲೆ ನಾನು ಅನುಮಾನಪಡಲಿಲ್ಲ.

ಅವ್ವ ನನಗೆ ಬೈಯಲಿಲ್ಲ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ಕಪ್ಪು ಹೆಣ್ಣುಮರಿಯನ್ನು, ಇನ್ನೂ ಕಿವಿಗೆ ಗುರುತು ಹಾಕದ್ದನ್ನು, ನನ್ನ ಕೈಗೆ ಕೊಟ್ಟು ಗಂಗಕ್ಕನ ಮನೆಗೆ ಕಳಿಸಿದಳು. ಗಂಗಕ್ಕ ಬಾಗಿಲಲ್ಲೇ ನಿಂತು ಮರಿಯ ಗಲ್ಲ ಹಿಡಿದೆತ್ತಿ ನೋಡಿದರು.

"ಇದರ ಮುಖ ನಂಗೆ ಗುರುತಿಲ್ಲ. ವಾಪಸ್ ತಗಂಡೋಗು."

ಗೋಡೆಯ ಮೇಲೆ ಬಟ್ಟಲು ಬಾರದ ದಿನಗಳನ್ನು ಎಣಿಸಿದೆ. ಅವ್ವ ಗೋಡೆಯ ಕಡೆ ಎಷ್ಟು ಸಲ ನೋಡುತ್ತಾಳೆಂದೂ ಎಣಿಸಲು ಹೊರಟು, ನಾಚಿಕೆಯಾಗಿ ಬಿಟ್ಟೆ.

ಇಪ್ಪತ್ತನಾಲ್ಕನೇ ದಿನ ಅಕ್ಟೋಬರ್ ಎರಡು, ನನಗೆ ರಜೆ. ಗಂಗಕ್ಕನ ಅಂಗಳದಲ್ಲಿ ಕಡಲೆಕಾಯಿ ಗಿಡ ಕಿತ್ತು ತಂದು ಗುಡ್ಡೆ ಹಾಕಿದ್ದರು. ಮೋಡ ಕಟ್ಟಿತ್ತು. ನೆನೆದರೆ ಕಾಯಿ ಕಪ್ಪಾಗುತ್ತದೆ, ಆಳುಗಳು ಬಂದಿರಲಿಲ್ಲ. ಅವ್ವ ಯಾರನ್ನೂ ಕೇಳದೆ ಹೋಗಿ ಗುಡ್ಡೆಯ ಈಚೆ ಬದಿ ಕೂತು ಕಾಯಿ ಬಿಡಿಸತೊಡಗಿದಳು. ಆಚೆ ಬದಿಯಲ್ಲಿದ್ದ ಗಂಗಕ್ಕ ತಲೆಯೆತ್ತಲಿಲ್ಲ, ಹೋಗು ಎನ್ನಲೂ ಇಲ್ಲ. ಅರ್ಧ ಗಂಟೆ ಆದಮೇಲೆ ಒಂದು ಗೋಣಿಚೀಲವನ್ನು ಅವ್ವನ ಕಡೆ ಎಸೆದು, "ಮಣ್ಣಿನ ಮ್ಯಾಲೆ ಕುಂತೀಯ, ಸೊಂಟ ಹಿಡ್ಕಂತತೆ," ಎಂದರು.

ನಾನೂ ಹೋಗಿ ಪಕ್ಕದಲ್ಲಿ ಕೂತೆ. ಅವ್ವನ ಕಥೆ ಒಬ್ಬರು ಬರೆದಾಗಿತ್ತು. ತವರಿನಲ್ಲಿ ಕಳೆದ ಆ ಮಳೆಗಾಲವನ್ನು ಯಾರೂ ಬರೆದಿರಲಿಲ್ಲ. ಗಂಗಕ್ಕನ ಕೈ ಕೆಲಸದಲ್ಲಿತ್ತು. ಈಗ ಕೇಳಿದರೆ ಹೇಳುತ್ತಾರೆಂದು ನನಗೆ ಗೊತ್ತಿತ್ತು. ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, "ಗಂಗಕ್ಕ, ಆ ವರ್ಷ ಹೊಳಲ್ಕೆರೆ ಕಡೆ ಮಳೆ ಹೆಂಗಿತ್ತು?" ಎಂದೆ.

ಗಂಗಕ್ಕ ನನ್ನ ಮುಖ ನೋಡಲಿಲ್ಲ. ಕೈ ನೋಡಿದರು.

"ಆವಯ್ಯನೂ ಹಿಂಗೇ ಕುಂತಿರ್ತಿದ್ದ, ಸೂಜಿ ಚುಚ್ಚಿದ ಮ್ಯಾಲೆ. ಖಾಲಿ ಕೈ ಇಟ್ಕಂಡು ಕುಂತೋರ ಮುಂದೆ ನಾನು ಬಾಯಿ ಬಿಡಲ್ಲ ಕಣೇ. ಹಿಡಿ."

ಒಂದು ತಬ್ಬು ಕಡಲೆಗಿಡ, ಹಸಿಮಣ್ಣಿನ ಸಮೇತ, ನನ್ನ ಮಡಿಲಿಗೆ ಬಿತ್ತು. ಬಿಡಿಸತೊಡಗಿದೆ. ನಾಲ್ಕು ಗಿಡ ಮುಗಿಯುವಷ್ಟರಲ್ಲಿ, ಯಾರೂ ಕೇಳದಿದ್ದರೂ, ಜುಲೈ ಹನ್ನೊಂದರಂದು ನಾನು ಏನೇನು ಹೇಳಿದ್ದೆ ಎಂದು ಇಬ್ಬರಿಗೂ ನಾನೇ ಹೇಳುತ್ತಿದ್ದೆ. ಅವ್ವ ಕೇಳಿಸಿಕೊಂಡಳು. ನನ್ನದು ಮುಗಿದ ಮೇಲೆ ಗಂಗಕ್ಕ ಕಾಯಿ ಬಿಡಿಸುತ್ತಲೇ, "ಮಳೆನಾ? ಆ ವರ್ಷ ನಮ್ಮಪ್ಪನ ಮನೆ ಮಾಳಿಗೆ ಮೂರು ಕಡೆ ಸೋರ್ತಿತ್ತು," ಎಂದು ಶುರು ಮಾಡಿದರು.

ಅವತ್ತಿನ ದಿನಚರಿಯಲ್ಲಿ ತಾರೀಕು ಮಾತ್ರ ಇದೆ. ಪುಟದ ಮೇಲೆ ಎರಡು ಕಡೆ ಕೆಂಪು ಮಣ್ಣಿನ ಬೆರಳಚ್ಚು.